ನಾಲ್ಕು ಗಂಟೆ ದೂರದ ಬೊಂಬಾಯಿ

ಬೆಳಗ್ಗೆ ಗುಡಿಯ ಬಾಗಿಲು ತೆಗೆದ ಪೂಜಾರಿ ಚನ್ನಕೇಶವ ಹೊಸ್ತಿಲಲ್ಲೇ ಕುಸಿದು ಕೂತ. ಊರದೇವಿ ಪಟಾಲಮ್ಮನ ಬೆಳ್ಳಿಯ ಮುಖ ಇರಲಿಲ್ಲ!

ಹೆಬ್ಬಾಳದ ಕೆರೆಯಂಚಿನ ನಮ್ಮ ಹಳ್ಳಿಗೆ ಕರೆಂಟು ಬಂದ ವರ್ಷದ ಮಾತು. ಊರ ಮಕ್ಕಳ ಮೈಮೇಲೆ ಅಮ್ಮ ಎದ್ದಿತ್ತು. ಹಿಂದಿನ ಸಂಜೆಯಷ್ಟೇ ತಮಟೆ ಹೊಡೆದು ಸಾರಿದ್ದರು: ಮಂಗಳವಾರ ದೇವಿಗೆ ತಂಪಿನ ಪೂಜೆ, ಅಲ್ಲಿಯವರೆಗೆ ಯಾರ ಮನೆಯಲ್ಲೂ ಒಗ್ಗರಣೆ ಸಿಡಿಯಬಾರದು, ದೇವಿ ಗಡಿ ದಾಟಬಾರದು. ಗಡಿಗೆ ಕಾವಲೂ ಕೂತಿತ್ತು.

ಬೀಗ ಮುರಿದಿರಲಿಲ್ಲ. ಕೀಲಿ ಇಡುವ ಗೂಡು ಊರಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಆದರೂ ಬೆರಳುಗಳೆಲ್ಲ ಚನ್ನಕೇಶವನ ಕಡೆಗೇ.

"ದೀಪ ಹಚ್ಚೋ ಹೊತ್ತಿಗೆ ಮುಖ ಸಿಗ್ಬೇಕು. ಇಲ್ದಿದ್ರೆ ಗುಡಿ ಬಿಟ್ಟು ನಡಿ," ಅಂದರು ಪಟೇಲ ಚಿಕ್ಕಬೈರಪ್ಪ.

ನನ್ನ ಸೋದರತ್ತೆ ಗಂಗರತ್ನಮ್ಮ ಗುಡಿಯ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದರು. ಕಳೆದ ಹಸು, ಕದ್ದ ಓಲೆ, ಎಲ್ಲವನ್ನೂ ಕೂತಲ್ಲೇ ಪತ್ತೆ ಮಾಡುತ್ತಿದ್ದ ಜೀವ.

ನಡುಹಗಲಿಗೆ ಒಂದು ಟ್ಯಾಕ್ಸಿ ನೇರ ಗುಡಿಯ ಮುಂದೆ ನಿಂತಿತು. ಇಳಿದವನು ಬ್ಯಾಟರಾಯಪ್ಪ, ನಮ್ಮೂರಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ವ್ಯಾಪಾರ ಮಾಡುತ್ತಿದ್ದವನು.

"ಏನತ್ತೆ, ಇಷ್ಟೊಂದು ಜನ?"

"ಅದಿರ್ಲಿ. ಯಾವಾಗ ಒಂಟ್ಯಪ್ಪಾ?"

"ಇವತ್ತು ಒತ್ತಾರೆ! ಐನೂರು ಮೈಲಿಗೂ ಮೇಲೆ. ರೈಲಾದ್ರೆ ಎರಡು ದಿನ, ವಿಮಾನಕ್ಕೆ ನಾಲ್ಕೇ ಗಂಟೆ."

"ರೆಕ್ಕೆ ಬಡೀತದೇನೋ?"

"ರೆಕ್ಕೆ ಬಡಿಯಲ್ಲತ್ತೆ, ಎದೆ ಬಡೀತದೆ!"

ಅಷ್ಟು ದುಃಖದಲ್ಲೂ ಜನ ನಕ್ಕರು.

"ಅಸ್ದಿರ್ತೀಯ. ಅವಲಕ್ಕಿಗೆ ಒಂದು ಒಗ್ಗರಣೆ ಆಕ್ಕೊಡ್ಲಾ?"

"ಒಗ್ಗರಣೆ ಬ್ಯಾಡತ್ತೆ, ಮೊಸರಲ್ಲೇ ಕಲಸ್ಕೊಡಿ," ಅಂದವನೇ ಗುಡಿಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡ.

ಅತ್ತೆ ಎಲೆಯಡಿಕೆ ಉಗುಳಿ ಎದ್ದರು.

"ಮುಖ ಎಲ್ಲಿಟ್ಟಿದ್ದೀಯ, ಬ್ಯಾಟರಾಯಾ?"

ಪಟೇಲರು ಬೆಚ್ಚಿದರು. "ಏನಮ್ಮಾ ನಿನ್ನ ಮಾತು! ಕಳುವಾದಾಗ ಅವನು ಬೊಂಬಾಯಲ್ಲಿದ್ದ. ಬೆಳಕು ಹರಿದ ಮೇಲೆ ಹಾರಿ ಬಂದವನು—"

"ಆರಿದ್ದು ನಿಜ. ಆದ್ರೆ ನಿನ್ನೆ! ಸಾರಿದ್ದು ನಿನ್ನೆ ಸಂಜೆ. ಇವತ್ತು ಟ್ಯಾಕ್ಸಿಯಿಂದ ನೇರ ನಮ್ಮುಂದೆ ಇಳಿದ, ಯಾರೂ ಏನೂ ಏಳಿಲ್ಲ. ಒಗ್ಗರಣೆ ಅಂದ್ರೆ ಕೆನ್ನೆ ಬಡ್ಕೋಬೇಕು ಅಂತ ಇವನಿಗೆ ಏಳಿದ್ಯಾರು? ಆಕಾಶದಲ್ಲಿ ತಮಟೆ ಒಡೆದ್ರಾ?"

ಬ್ಯಾಟರಾಯಪ್ಪ ಜಗಲಿಯಂಚಿನಲ್ಲಿ ಕೂತ.

"ನಮ್ಮವ್ವ ಮುನಿಕೆಂಪಮ್ಮ ಬೊಂಬಾಯಲ್ಲಿ ಹಾಸಿಗೆ ಹಿಡಿದವ್ಳೆ ಅತ್ತೆ. ಆ ಮುಖ ನೋಡಿ ಕಣ್ಮುಚ್ತೀನಿ ಅಂತಾಳೆ. ಕೇಳೋಣ ಅಂತಲೇ ನಿನ್ನೆ ಬಂದೆ. ಊರಂಚಿಗೆ ಬರೋ ಹೊತ್ಗೆ ದೇವಿ ಗಡಿ ದಾಟಂಗಿಲ್ಲ ಅಂತ ಸಾರ್ತಿದ್ರು, ಮರೆಯಲ್ಲೇ ಕೂತೆ. ಇರುಳಲ್ಲಿ ತೆಗೆದೆ. ಗಡೀಲಿ ಕಾವಲಿತ್ತು, ಗುಡಿ ಹಿಂದಿನ ಹುಲ್ಲುಮೆದೇಲಿ ಬಚ್ಚಿಟ್ಟು ಬರಿಗೈಲಿ ಪೇಟೆಗೆ ಹೋದೆ. ಟ್ಯಾಕ್ಸಿ ಯಾರೂ ತಡಕಲ್ಲ, ಅದ್ರಲ್ಲಿ ಒಯ್ಯೋಣ ಅಂತಿದ್ದೆ... ಹೋಗೋಕೆ ನಾಲ್ಕು ಗಂಟೆ, ಬರೋಕೆ ನಾಲ್ಕು ಗಂಟೆ. ತಂಪಿನೊಳಗೆ ತಂದಿಡ್ತಿದ್ದೆ."

"ಅಷ್ಟರಲ್ಲಿ ಇವನ ಬಾಳು?" ಅತ್ತೆ ಪೂಜಾರಿಯತ್ತ ಕೈ ತೋರಿಸಿದರು.

ಬ್ಯಾಟರಾಯಪ್ಪ ಚನ್ನಕೇಶವನ ಕಾಲಿಗೆ ಬಿದ್ದ. ಚನ್ನಕೇಶವ ಅವನನ್ನು ಎಬ್ಬಿಸಿ, ಮೆದೆಯಿಂದ ದೇವಿಯ ಮುಖ ತೆಗೆದು, ಹುಲ್ಲಿನ ಧೂಳು ಒರೆಸಿ ಗುಡಿಗೆ ತಂದ. ದೀಪ ಹತ್ತಿತು.

ಮಂಗಳವಾರ ತಂಪಾಯಿತು. ಬೊಂಬಾಯಿಗೆ ಒಯ್ಯಲು ಅಮ್ಮನ ಅಪ್ಪಣೆ ಕೇಳಿದೆವು. ಬಲಗಡೆಯ ಹೂವು ಬಿತ್ತು, ಒಪ್ಪಿಗೆ ಸಿಕ್ಕಿತು. ಬುಧವಾರ ವಿಮಾನ ಹತ್ತಿದವನು ಚನ್ನಕೇಶವನೇ, ಮಡಿಲಲ್ಲಿ ಪಟಾಲಮ್ಮನನ್ನು ಇಟ್ಟುಕೊಂಡು. ಮುನಿಕೆಂಪಮ್ಮ ಆ ಬೆಳ್ಳಿಯ ಕೆನ್ನೆ ಸವರಿ, "ಬಂದ್ಯಾ ತಾಯಿ?" ಅಂದಳಂತೆ.

ದಾರಿಯಲ್ಲಿ ವಿಮಾನದ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದಾಗ, ತಂಪು ಮುಗಿದಿದ್ದರೂ ನಮ್ಮ ಪೂಜಾರಿ ಮಡಿಲು ನೋಡಿಕೊಂಡು ಕೇಳಿದನಂತೆ:

"ಒಗ್ಗರಣೆ ಹಾಕಿದ್ದೀಯೇನಮ್ಮಾ?"