ಅಲೀಮ್ ಭಾಯಿಯ ಹಸಿರು ಟ್ರ್ಯಾಕ್ಟರ್

ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ಕೋಲುಗಳ ನಡುವೆ ನನ್ನ ಹೊಟ್ಟೆ. ಬೆನ್ನಿಗೆ ಕಾದ ಕಂಟೇನರ್.

"ಟ್ರ್ಯಾಕ್ಟರ್ ಎಲ್ಲಿ, ಆಗಸ್ಟಿನ್?" ಸೀಟಿನಿಂದ ಉಮರ್ ಕೇಳಿದ.

"ಬರ್ತಾ ಉಂಟು ಮಾರಾಯ... ಮೊದಲು ಹುಡುಗನನ್ನು ಬಿಡು!"

"ಮಾಫಿ! ಆಗೋದಿಲ್ಲ! ಟ್ರ್ಯಾಕ್ಟರ್ ಬರ್ಲಿ."

ದುಬೈಯ ಜೆಬೆಲ್ ಅಲಿ ಬಂದರಿನ ಹಿಂದಿನ ಯಾರ್ಡು. ಆಗಸ್ಟ್ ತಿಂಗಳ ಮಧ್ಯಾಹ್ನ. ಕಂಟೇನರಿನೊಳಗೆ ಅಲೀಮ್ ಭಾಯಿಯ ಮಗ ಅನಸ್. ಇಷ್ಟು ಹೊತ್ತೂ ಬಾಗಿಲು ಗುದ್ದುತ್ತಿದ್ದ. ಈಗ ಗುದ್ದುತ್ತಿಲ್ಲ.

ಅದೇ ನನ್ನ ಹೆದರಿಕೆ.

ಒಂದು ಹಳೇ ಟ್ರ್ಯಾಕ್ಟರಿಗೆ ಇಷ್ಟೆಲ್ಲಾ ಯಾಕೆ ಅಂತೀರಾ? ಎರಡನೇ ಮಹಾಯುದ್ಧದಲ್ಲಿ ಯುರೋಪ್ ನೆಲಸಮವಾಯಿತಲ್ಲ, ಅದನ್ನು ಮತ್ತೆ ಕಟ್ಟಲು ಅಮೆರಿಕ ಕೊಟ್ಟ ನೆರವು... ಮಾರ್ಷಲ್ ಪ್ಲಾನ್! ಆ ನೆರವಿನಲ್ಲಿ ಗ್ರೀಸಿನ ಒಂದು ಹಳ್ಳಿಗೆ ಹೋದ ಟ್ರ್ಯಾಕ್ಟರ್ ಇದು. ಮೂತಿಯ ಮೇಲೆ ಅಮೆರಿಕದ ಗುರುತಿನ ತಗಡು, ಅದಕ್ಕೇ ಬೆಲೆಯೆಲ್ಲ. ಅಲ್ಲಿ ಉತ್ತು ಉತ್ತು ಸವೆದು, ಕೊನೆಗೆ ಗುಜರಿಯಾಗಿ ಭಟ್ಕಳದ ಅಲೀಮ್ ಭಾಯಿಯ ಇಲ್ಲಿನ ಗುಜರಿ ಯಾರ್ಡಿಗೆ ಬಂದು ಬಿದ್ದಿತ್ತು. ಜರ್ಮನಿಯ ಮ್ಯೂಸಿಯಮ್ಮಿನವರು ಪತ್ತೆ ಹಚ್ಚಿ, ದೊಡ್ಡ ಬೆಲೆ ಕೊಡ್ತೇವೆ, ನೋಡಲು ಬರ್ತೇವೆ ಅಂದರು. ಅವರಿಗೆ ತಾನೇ ಮಾರಬೇಕೆಂದು ಉಮರ್ ಮೂಗು ತೂರಿಸಿದ. ಭಾಯಿ ಅವನಿಗೆ ಕೊಡಲ್ಲ ಅಂದರು. ಇವನು ಮಗನನ್ನೇ ಎತ್ತಿಕೊಂಡು ಬಂದ.

ನಾನು ಎರಡೂ ಕಡೆಯವರ ಪರಿಚಯದ ಮಧ್ಯಸ್ಥ. ವೀಸಾ, ಜಗಳ, ಜಾಮೀನು... ಎಲ್ಲದಕ್ಕೂ ನಾನೇ. ಸಾಕಾಗಿ ಹೋಗಿದೆ ಸ್ವಾಮಿ!

ಬೆಳಿಗ್ಗೆ ಭಾಯಿಗೆ ಫೋನ್ ಮಾಡಿದ್ದೆ. "ಟ್ರ್ಯಾಕ್ಟರ್ ಹೋದ್ರೆ ಹೋಗ್ಲಿ, ನನ್ನ ಮಗ ಬೇಕು," ಅಂತ ಭಾಯಿ ಅತ್ತಿದ್ದರು. "ತರ್ತೇನೆ. ನಿನ್ನೆಯೇ ರೆಡಿ ಮಾಡ್ಸಿದ್ದೇನೆ."

ರೆಡಿ ಅಂದರೆ ಏನು ಅಂತ ಕೇಳುವಷ್ಟು ತ್ರಾಣ ನನಗಿರಲಿಲ್ಲ.

ಟ್ರೇಲರ್ ಬಂತು. ಭಾಯಿ ಇಳಿದು ಟಾರ್ಪಾಲು ಎಳೆದರು.

ಅಯ್ಯೋ ದೇವರೇ!

ಹಸಿರು! ಪಳಪಳ ಹೊಳೆಯುವ ಗಿಳಿ ಹಸಿರು! ಟೈರಿಗೂ ಕಪ್ಪು ಪಾಲಿಶ್! ಬಣ್ಣ ಬಳಿಯದೆ ಯಾವ ಹಳೇ ಗಾಡಿಯನ್ನೂ ಹೊರಗೆ ಕಳಿಸದವರು ಈ ಗುಜರಿ ಯಾರ್ಡಿನವರು. ಮ್ಯೂಸಿಯಮ್ಮಿನವರು ನೋಡಲು ಬರುತ್ತಾರೆಂದು ಭಾಯಿ ಇದಕ್ಕೂ ಹೊಡೆಸಿಬಿಟ್ಟಿದ್ದರು.

"ಅಮೆರಿಕದ ತಗಡು ಎಲ್ಲಿ?" ಉಮರ್ ಕಿರುಚಿದ.

"ತುಕ್ಕು ಹಿಡ್ದಿತ್ತು. ಕಿತ್ತು ಬಿಸಾಡಿದೆ," ಎಂದರು ಭಾಯಿ.

ಉಮರ್ ಫೋರ್ಕ್‌ಲಿಫ್ಟಿನಿಂದ ಹಾರಿದ. ಟ್ರ್ಯಾಕ್ಟರಿನ ಮೂತಿಯನ್ನು ಉಗುರಿನಿಂದ ಕೆರೆಯತೊಡಗಿದ.

ಕೆರೆಯಲಿ! ನಾನು ಕೋಲುಗಳಿಂದ ನುಸುಳಿ ಸೀಟಿಗೆ ಹಾರಿದೆ. ಫೋರ್ಕ್‌ಲಿಫ್ಟ್ ಓಡಿಸಲೆಂದೇ ದುಬೈಗೆ ಬಂದವನು ನಾನು. ಅವನು ತಿರುಗುವಷ್ಟರಲ್ಲಿ ಕೋಲುಗಳು ಅವನ ಎರಡೂ ಪಕ್ಕ, ಬೆನ್ನಿಗೆ ಟ್ರೇಲರ್, ನುಸುಳಲೂ ಜಾಗವಿಲ್ಲ.

"ಖಲಾಸ್, ಉಮರ್. ಅಲ್ಲಾಡಬೇಡ."

ಕಂಟೇನರಿನ ಬೀಗದ ಕೀ ಅದೇ ಗೊಂಚಲಿನಲ್ಲಿ ತೂಗುತ್ತಿತ್ತು. ಇಂಜಿನ್ ಆರಿಸಿ ಗೊಂಚಲನ್ನು ಭಾಯಿಯತ್ತ ಎಸೆದೆ.

ಅನಸ್ ನೆಲದಲ್ಲಿ ಬಿದ್ದಿದ್ದ. ಭಾಯಿ ಬಾಚಿ ತಬ್ಬಿಕೊಂಡು ಮುಖಕ್ಕೆ ನೀರು ಸುರಿದರು. ಕಣ್ಣು ಬಿಟ್ಟ. "ವಾಟರ್, ಬಾಬಾ," ಎಂದ.

ಉಮರನನ್ನು ಕೋಲುಗಳ ನಡುವೆಯೇ ಬಿಟ್ಟು ನನ್ನ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಮಗನ ತಲೆ ಸವರುತ್ತಾ ಭಾಯಿ ಮೆಲ್ಲಗೆ ಕೇಳಿದರು.

"ಆಗಸ್ಟಿನ್... ಅವನಿಗೆ ಹಸಿರು ಹಿಡಿಸ್ಲಿಲ್ವಾ?"

"ಹೌದು ಭಾಯ್," ಎಂದೆ. "ಕೆಂಪು ಹೊಡೆಸ್ಬೇಕಿತ್ತು."