ದೇವಕಮ್ಮನ ಪಾಸ್‌ವರ್ಡ್

ಈಶಪ್ಪ ಮೂರು ಪೆನ್‌ಡ್ರೈವ್ ಮೇಜಿನ ಮೇಲಿಟ್ಟು, ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ತಲೆ ತಗ್ಗಿಸಿದ.

ಭೀಮರಾಯನಗುಡಿ ಕ್ಯಾಂಪಿನಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ನನ್ನದು ಕಾಲುವೆಯ ಕೊನೆಯ ಊರುಗಳಿಗೆ ಹೋಗಿ, ನೀರು ಮುಟ್ಟದ ರೈತರ ಹೇಳಿಕೆ ಬರೆದುಕೊಳ್ಳುವ ಕೆಲಸ. ನೀರನ್ನೆಲ್ಲ ತಿರುಗಿಸಿಕೊಳ್ಳುವ ಮೇಲಿನ ಹೊಲದ ದೊಡ್ಡವರಿಗೆ ಆ ಹೆಸರುಗಳು ಸಿಕ್ಕರೆ ಮುಗಿಯಿತು. ಅದಕ್ಕೇ ಯಾರೂ ತೆರೆಯಲಾಗದ ಲ್ಯಾಪ್‌ಟಾಪ್ ಬೇಕಿತ್ತು. ಈಶಪ್ಪನನ್ನು ನೋಡುವ ನೆವವೂ ಬೇಕಿತ್ತು, ಸುಳ್ಳೇಕೆ ಹೇಳಲಿ!

“ದೇವಕಮ್ಮ, ಮೂರರಾಗ ಮೂರು ಥರದ ಆಪರೇಟಿಂಗ್ ಸಿಸ್ಟಮ್ ಅದಾವ್ರಿ. ಇದು ಟೇಲ್ಸ್ ರೀ. ಬಂದ್ ಮಾಡಿದ್ರ ಎಲ್ಲಾ ಮರೀತದ.”

“ಮರಿಯೋದು ಬ್ಯಾಡ್ರಿ.”

“ಇದು ಕ್ಯೂಬ್ಸ್. ಭಾಳ ಬಿಗಿ. ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಉಸಿರು ಕಟ್ಟತದ. ಇದು ಡೆಬಿಯನ್. ಥಳಕು ಇಲ್ಲ, ಖರೇ ನಂಬಬಹುದು.”

“ನಿಮ್ಮಂಗ ಅನ್ರಿ. ಅದನ್ನ ಹಾಕ್ರಿ.”

ಅವನ ಕಿವಿ ಕೆಂಪಾದವು. ನನಗೆಂದು ಕನ್ನಡ ಕೀಬೋರ್ಡ್ ಆರಿಸಿದ.

“ಡಿಸ್ಕಿಗೆ ಬೀಗ ಹಾಕಾಕತ್ತೀನ್ರಿ. ಎಂದೂ ಮರೀಲಾರದ ಉದ್ದನ್ನ ಮಾತು ಹೊಡೀರಿ. ಮರೆತ್ರ ನನ್ನ ಕೈಲೂ ತೆಗಿಯಾಕ ಆಗಂಗಿಲ್ಲ,” ಎಂದು ಗೋಡೆಯತ್ತ ತಿರುಗಿ ನಿಂತ.

ನಾನು ಎಂದೂ ಮರೆಯದ ಮಾತು ಒಂದೇ ಇತ್ತು: ಈಶಪ್ಪನ್ನ ಬಿಟ್ಟು ಯಾರನ್ನೂ ಒಲ್ಲೆ. ಧೈರ್ಯವಾಗಿ ಹೊಡೆದೆ. ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆ ತಾನೆ!

ಅರವತ್ತು ಹೇಳಿಕೆಗಳನ್ನು ಒಳಗೆ ಹಾಕಿ, ಹಳೆಯ ಪ್ರತಿ ಅಳಿಸಿದೆವು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳಿತು. ಹೊಡೆದೆ. ತೆರೆಯಲಿಲ್ಲ. ಮತ್ತೆ ಹೊಡೆದೆ. ಊಹೂಂ.

ಈಶಪ್ಪ ಹಣೆ ಬಡಿದುಕೊಂಡ. “ತಪ್ಪು ನಂದ ರೀ. ಆಗ ಕೀಬೋರ್ಡ್ ಕನ್ನಡದಾಗಿತ್ತು, ಈಗ ಇಂಗ್ಲಿಷಿನ್ಯಾಗ ಕೇಳಾಕತ್ತದ.”

ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಿ, ಕೀಬೋರ್ಡನ್ನು ಕನ್ನಡಕ್ಕೆ ತಂದು, ಪಾಪ, ಪುನಃ ಗೋಡೆಗೆ ಮುಖ ಮಾಡಿದ. ನಾನು ಮತ್ತೆ ಮತ್ತೆ ಹೊಡೆದೆ. ಒತ್ತಕ್ಷರ ಎಲ್ಲೋ ತಪ್ಪುತ್ತಿತ್ತು, ಎಲ್ಲಿ ಎಂದು ಆ ಚುಕ್ಕೆಗಳಲ್ಲಿ ಕಾಣುತ್ತಿರಲಿಲ್ಲ. ಒಳಗೆ ಅರವತ್ತು ಮನೆಯವರ ಮಾತು ಸಿಕ್ಕಿಕೊಂಡಿತ್ತು. ಅದರ ಮುಂದೆ ನನ್ನ ನಾಚಿಕೆ ದೊಡ್ಡದೇ?

“ಈ ಕಡಿ ತಿರುಗ್ರಿ. ನಾ ಹೇಳ್ತೀನಿ, ನೀವು ಹೊಡೀರಿ.”

ಈಗ ಗೋಡೆ ನೋಡುವ ಸರದಿ ನನ್ನದು. “ಈಶಪ್ಪನ್ನ...” ಎಂದೆ. ಕೀಬೋರ್ಡಿನ ಸದ್ದು ಬರಲಿಲ್ಲ. “ಬಿಟ್ಟು... ಯಾರನ್ನೂ... ಒಲ್ಲೆ.”

ಆಮೇಲೆ ಒಂದೊಂದೇ ಅಕ್ಷರದ ಸದ್ದು ಕೇಳಿತು.

“ತೆರೀತ್ರಿ,” ಎಂದ ಈಶಪ್ಪ. “ಖರೇ ಈ ಪಾಸ್‌ವರ್ಡ್ ಇನ್ನ ನಡಿಯಂಗಿಲ್ರಿ. ಇಬ್ಬರಿಗೆ ಗೊತ್ತಾತು.”

“ಬದಲಿ ಮಾಡ್ರಿ,” ಎಂದೆ ಸಪ್ಪಗೆ.

“ಮಾಡ್ತೀನಿ. ಐತವಾರ ನಮ್ಮವ್ವಗೂ ಗೊತ್ತಾಗತದ. ಆಕಿನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನಿ. ಇರ್ತೀರಲ್ಲ?”

ತಿರುಗಿ ನೋಡಿದೆ. ನಗುತ್ತಿದ್ದ, ಕಳ್ಳ.

“ನಿಮ್ಮವ್ವಗ ಚಾದಾಗ ಸಕ್ರಿ ಎಷ್ಟು ಬೇಕು, ಅದ ಮೊದಲು ಹೇಳ್ರಿ,” ಎಂದೆ.