ಮೂರನೇ ಸುತ್ತು

“ತಟ್ಟಿ ಮ್ಯಾಲಿನ ಮುಳ್ಳು ಕಡೀ ಸುತ್ತಿಗೆ ಹೋಗೂದ್ರೊಳಗ ಎತ್ತಿಬಿಡ್ರಿ ಪ್ರಸಾದಣ್ಣ. ನಮ್ಮ ದೊಡ್ಡವ್ವ ಎರಡ ಸಲ ಅಂದು ಬಾಯಿ ಮುಚ್ಚ್ಯಾಳ. ಮೂರನೇದು ಅಂದ್ರ ಶಾಪ ತಾಗತೈತಿ.”

ಟಿಳಕವಾಡಿಯ ಕೆಫೆಯಲ್ಲಿ ಸ್ಪೀಕರಿನ ವೈರು ಎಳೆಯುತ್ತಿದ್ದ ಸತ್ಯಪ್ಪ ತಲೆಯೆತ್ತದೆ ಹೇಳಿದ. ಪ್ರಸಾದ ನಕ್ಕ. ಪುಣೆಯಿಂದ ಬೆಳಗಾವಿಗೆ ಬಂದು ಇನ್ನೂ ವರ್ಷ ತುಂಬದವನು; ಎಫ್ಎಂನಲ್ಲಿ ಬೆಳಗಿನ ಮಾತುಗಾರ. ಆ ದನಿಯೇ ಅವನ ಅನ್ನ. ಉಳಿದ ಹೊತ್ತೆಲ್ಲ ಹಳೇ ಆಸಿಡ್ ಹೌಸ್, ಟೆಕ್ನೋ ಎಂಬ ಯಂತ್ರಸಂಗೀತದ ಹುಚ್ಚು. ಅದೇ ಧಾಟಿಯಲ್ಲಿ ತಾನು ಕಟ್ಟಿದ್ದನ್ನು ವಿನೈಲ್ ಗ್ರಾಮಫೋನ್ ತಟ್ಟೆ ಮಾಡಿಸಿದ್ದ. ಮುನ್ನೂರೇ ಪ್ರತಿ. ಒಂದನ್ನುಳಿದು ಎಲ್ಲ ನಿನ್ನೆಯೇ ಕೊರಿಯರಿಗೆ ಹೋಗಿದ್ದವು; ಉಳಿದದ್ದನ್ನು ಇವತ್ತು ಇಲ್ಲಿ ಮೊದಲ ಸಲ ಹಚ್ಚುವುದಿತ್ತು.

ಅದರಲ್ಲಿ ಅಳುತ್ತಿದ್ದ ಹೆಂಗಸು ಖಾನಾಪುರದ ಭೀಮಕ್ಕ, ಸತ್ಯಪ್ಪನ ದೊಡ್ಡವ್ವ. ಕುರಿ ಹೊಡೆದುಕೊಂಡು ಹೋದ ಮಗ ಮುತ್ತಪ್ಪ ಲೋಂಡಾದ ಹಳಿಯ ಮೇಲೆ ಸತ್ತಾಗ, ಹೆಣದ ಮುಂದೆ ಕೂತು ಹಾಡಿದ್ದಳು. ಆ ಹಾಡು ಹೆಣದ ಜೊತೆಗೇ ಹೋಗಬೇಕು, ಎರಡನೇ ಸಲ ಹಾಡುವಂತಿಲ್ಲ. ಸತ್ಯಪ್ಪನ ಜೊತೆ ಮಣ್ಣಿಗೆ ಹೋಗಿದ್ದ ಪ್ರಸಾದ ಅದನ್ನು ಫೋನಿನಲ್ಲಿ ಕದ್ದು ತುಂಬಿಕೊಂಡಿದ್ದ. ಅಳಿಸಿಬಿಡು ಎಂದು ಮುದುಕಿ ಬೇಡಿಕೊಂಡಳು. ಅವನು ಒಪ್ಪದಿದ್ದಾಗ ಎರಡು ಸಲ ಶಪಿಸಿ ನಿಲ್ಲಿಸಿದಳು. ಅವನು ಅದನ್ನೂ ತುಂಬಿಕೊಂಡ. ತುಂಬಿಕೊಂಡು ತಟ್ಟೆಯ ಕೊನೆಯ ಗೆರೆಯಲ್ಲಿಟ್ಟ. ಅಲ್ಲಿ ಮುಳ್ಳು ಮುಂದೆ ಸರಿಯುವುದಿಲ್ಲ; ಯಾರಾದರೂ ಎತ್ತುವವರೆಗೆ ಒಂದೇ ಗೆರೆಯಲ್ಲಿ ಸುತ್ತುತ್ತದೆ.

ಭಾನುವಾರದ ಮಧ್ಯಾಹ್ನ. ಇಪ್ಪತ್ತು ಜನ, ಕಾಫಿಯ ಘಮ. ಪ್ರಸಾದ ತಟ್ಟೆ ಹಚ್ಚಿದ. ಯಂತ್ರದ ತಗ್ಗಿನ ದನಿ ಹಸಿ ಗಾಯ ಒತ್ತಿದಂತೆ ಪಿಚಪಿಚಗುಟ್ಟಿತು. ನಡುವೆ ಭೀಮಕ್ಕನ ಅಳು. ಕೂತವರ ಕಾಲು ತಾಳ ಹಾಕುತ್ತಿದ್ದವು. ಬರಬರುತ್ತ ಕಾಫಿಯ ಘಮ ಸತ್ತು, ತೊಯ್ದ ಕಂಬಳಿಯ ವಾಸನೆ ಎದ್ದಿತು. ಕಿಟಕಿಯ ಬಿಸಿಲು ಬೂದಿಯಾಯಿತು.

ಮುಳ್ಳು ಒಳಗೆ, ಕೊನೆಯ ಗೆರೆಗೆ ಸರಿಯಿತು. ಸ್ಪೀಕರಿನಲ್ಲಿ ಭೀಮಕ್ಕನ ಶಾಪ:

ಹಾಡು ಕದ್ದಾವನ ದನಿ ಹೋಗ್ಲಿ.

ಸತ್ಯಪ್ಪ ಮುಳ್ಳು ಎತ್ತಲು ಎದ್ದ. ಪ್ರಸಾದ ಅವನ ಕೈ ಹಿಡಿದ.

ಹಾಡು ಕದ್ದಾವನ ದನಿ ಹೋಗ್ಲಿ.

ತಟ್ಟೆ ತಿರುಗಿತು. ಇನ್ನೊಂದು ಸಲ. ಗಂಟಲಲ್ಲಿ ಏನೋ ಕಿತ್ತುಹೋಯಿತು. ಪ್ರಸಾದ ಕೂಗಿದ. ಕೂಗು ಬರಲಿಲ್ಲ. ಮತ್ತೆ ಕೂಗಿದ. ಬರೀ ಗಾಳಿ. ಸ್ಪೀಕರಿನಲ್ಲಿ ಈಗ ಮುದುಕಿಯ ದನಿ ಇರಲಿಲ್ಲ. ದಿನಾ ಬೆಳಿಗ್ಗೆ ಊರಿಗೆ ಶುಭೋದಯ ಹೇಳುವ ದನಿ. ಅವನದೇ. ಅದೇ ಶಾಪ ಹೇಳುತ್ತಿತ್ತು.

ಜನ ಚಪ್ಪಾಳೆ ತಟ್ಟಿದರು.

ಮೂರನೇ ದಿನ ಸತ್ಯಪ್ಪ ಅವನನ್ನು ಬೈಕಿನಲ್ಲಿ ಖಾನಾಪುರಕ್ಕೆ ಕರೆತಂದ. ಪ್ರಸಾದ ತನ್ನ ಫೋನನ್ನು ಭೀಮಕ್ಕನ ಕಾಲ ಬಳಿ ಇಟ್ಟು ಕೈಮುಗಿದ. ಆಕೆ ಉಣ್ಣೆ ಹಿಂಜುತ್ತಿದ್ದಳು.

“ಎರಡಕ್ಕ ನಿಂತಿದ್ನಿ,” ಎಂದಳು. “ತಪ್ಪಾತು ಅಂತ ಬರಾಕ ನಿನಗ ದಾರಿ ಇರಲಿ ಅಂತ. ಮೂರನೇದು ನೀನ ಅನಿಸಿದಿ.”

ಬಿಡುಗಡೆ ಇಲ್ಲವೇ ಎಂದು ಸತ್ಯಪ್ಪ ಕೇಳಿದ.

“ಎಲ್ಲಾ ತಟ್ಟಿ ತಿರುಗಿ ತಂದು ನನ್ನ ಮಗನ ಮಣ್ಣಾಗ ಹುಗೀರಿ. ಅಲ್ಲೀತನಾ ಯಾರು ಎಲ್ಲಿ ಹಚ್ಚಿದ್ರೂ ಇವನ ಬಾಯಿ ಆಡತೈತಿ.”

ನೆಲದ ಮೇಲೆ ಫೋನು ಗುಂಯ್‌ಗುಟ್ಟಿತು. ತಟ್ಟೆ ಕೊಂಡವರಾರೋ ಖುಷಿಯಲ್ಲಿ ವಿಡಿಯೋ ಕಳಿಸಿದ್ದರು. ಸತ್ಯಪ್ಪ ಬಗ್ಗಿ ಒತ್ತಿದ: ಕರೀ ತಟ್ಟೆ ತಿರುಗುತ್ತಿತ್ತು, ಮುಳ್ಳು ಕೊನೆಯ ಗೆರೆಯಲ್ಲಿತ್ತು, ಪ್ರಸಾದನ ದನಿ ಶಾಪ ಹೇಳುತ್ತಿತ್ತು. ಪ್ರಸಾದನ ದವಡೆ ತಾನಾಗಿ ತೆರೆಯಿತು. ಮುಚ್ಚಿತು. ತೆರೆಯಿತು. ಎರಡೂ ಕೈಯಿಂದ ಅದುಮಿದರೂ ನಿಲ್ಲಲಿಲ್ಲ.

“ದೊಡ್ಡವ್ವಾ, ಸಾಕಲ್ಲ,” ಎಂದ ಸತ್ಯಪ್ಪ.

ಭೀಮಕ್ಕ ಉಣ್ಣೆ ಬದಿಗಿಟ್ಟು ಫೋನು ಎತ್ತಿಕೊಂಡಳು. ಪಕ್ಕದ ಗುಂಡಿ ಹೆಬ್ಬೆರಳಿಗೆ ಸಿಕ್ಕಿತು. ದನಿ ಜೋರು ಮಾಡಿದಳು.